ಮದುವೆಯಾಗಿ ಮೊದಲ ಕ್ರಿಸ್ಮಸ್: ಯಾರ ಮನೆಗೆ, ಯಾವಾಗ, ಏನೇನು ತಯಾರಿ

ಅಕ್ಟೋಬರ್ ಮುಗಿಯುತ್ತಾ ಬಂದರೆ ಸಾಕು, ಹೊಸದಾಗಿ ಮದುವೆಯಾದವರೆಲ್ಲ ಕೇಳುವುದು ಒಂದೇ. ಮೊದಲ ಕ್ರಿಸ್ಮಸ್ ಯಾರ ಮನೆಯಲ್ಲಿ? ಅದರ ಬೆನ್ನಿಗೇ ಉಳಿದದ್ದೂ ಬರುತ್ತದೆ. ಕುಸ್ವಾರ್ (ಹಬ್ಬದ ತಿಂಡಿಗಳು) ನಾವೇ ಮಾಡಬೇಕಾ, ಕೊಂಡು ತಂದರೆ ಸಾಕಾ? ಎಷ್ಟು ದಿನ ರಜೆ ಹಾಕಬೇಕು? ಎರಡೂ ಮನೆಯವರಿಗೆ ಬಟ್ಟೆ ತೆಗೆಯಬೇಕಾ? ಬೆಂಗಳೂರಿನ ಬಾಡಿಗೆ ಮನೆಯಲ್ಲೂ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಬೇಕಾ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಮುಖ್ಯವಾಗಿ ಮಂಗಳೂರು, ಉಡುಪಿ ಕಡೆಯ ಕಥೋಲಿಕ ಮನೆಗಳಿಗೆ, ಅದರಲ್ಲೂ ಕೆಲಸಕ್ಕೆ ಬೆಂಗಳೂರಲ್ಲಿದ್ದು ಹಬ್ಬಕ್ಕೆ ಊರಿಗೆ ಹೋಗುವವರಿಗೆ. ನೀವು ಬೇರೆ ಕ್ರೈಸ್ತ ಸಭೆಯವರಾಗಿದ್ದರೆ ಪೂಜೆಯ ಕ್ರಮ ಬೇರೆ ಇರುತ್ತದೆ, ಆದರೆ ಮನೆ, ಟಿಕೆಟ್, ಅಡುಗೆ, ನಂಟರು ಇವೆಲ್ಲ ಹೆಚ್ಚುಕಮ್ಮಿ ಒಂದೇ.

ನಮ್ಮಲ್ಲಿ ಹೊಸ ಜೋಡಿಗಳು ಎರಡು ಥರ. ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ತಯಾರಿಯ ಸಮಯ, ಅದರಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಎಷ್ಟೋ ಮದುವೆಗಳು ನವೆಂಬರಿನಲ್ಲೇ ಮುಗಿದುಬಿಡುತ್ತವೆ. ಅವರಿಗೆ ಮದುವೆಗೆ ಮುಂಚೆ ಹಚ್ಚುವ ರೋಸ್ ಶಾಸ್ತ್ರದ ತೆಂಗಿನ ಹಾಲಿನ ನೆನಪು ಮಾಸುವ ಮೊದಲೇ ಕ್ರಿಸ್ಮಸ್ ಬಂದಿರುತ್ತದೆ. ಕೈಯಲ್ಲಿ ರಜೆಯೂ ಇಲ್ಲ, ದುಡ್ಡೂ ಇಲ್ಲ. ಇನ್ನು ಕೆಲವರು ಜನವರಿಯಲ್ಲೋ ಏಪ್ರಿಲ್‌ನಲ್ಲೋ ಮದುವೆಯಾಗಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮರಿಯಾ ಹುಟ್ಟಿದ ದಿನ) ಹೊಸ ಅಕ್ಕಿ ಊಟವನ್ನು ಗಂಡನ ಮನೆಯಲ್ಲಿ ಉಂಡಾಗಿರುತ್ತದೆ. ಅವರಿಗೆ ಮನೆಯ ರೀತಿ ಅಷ್ಟಿಷ್ಟು ಗೊತ್ತಿರುತ್ತದೆ. ನೀವು ಮೊದಲಿನವರಾಗಿದ್ದರೆ ಈ ಪಟ್ಟಿಯಲ್ಲಿ ಅರ್ಧದಷ್ಟು ಮಾಡಿದರೂ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

1. ಮೊದಲು ಕ್ಯಾಲೆಂಡರ್ ತೆಗೆದು ಕೂತುಕೊಳ್ಳಿ

ಕ್ರಿಸ್ಮಸ್ ಅಂದರೆ 25 ಒಂದೇ ದಿನ ಅಂದುಕೊಂಡರೆ ಜಗಳ ಅಲ್ಲಿಂದಲೇ ಶುರು. ಚರ್ಚಿನ ಲೆಕ್ಕದಲ್ಲಿ ಅದು ಒಂದು ಕಾಲ. ಡಿಸೆಂಬರ್ 24ರ ಸಂಜೆ ಶುರುವಾಗಿ ಜನವರಿಯಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ನಡೆಯುತ್ತದೆ. ಮಧ್ಯದಲ್ಲಿ 26 ಇದೆ, ಆಮೇಲೆ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ ಇದೆ (25ನೇ ತಾರೀಕೇ ಭಾನುವಾರ ಬಿದ್ದರೆ ಅದು 30ಕ್ಕೆ ಬರುತ್ತದೆ), 31ರ ರಾತ್ರಿಯ ಕೃತಜ್ಞತಾ ಪೂಜೆ ಇದೆ, ಹೊಸ ವರ್ಷ ಇದೆ, ಜನವರಿ ಮೊದಲ ವಾರದಲ್ಲಿ ಮೂರು ರಾಯರ (ಬಾಲಯೇಸುವನ್ನು ನೋಡಲು ಬಂದ ಜ್ಞಾನಿಗಳ) ಹಬ್ಬ ಇದೆ. ಎಲ್ಲರನ್ನೂ 25ಕ್ಕೇ ನೋಡಬೇಕಾಗಿಲ್ಲ, ಅಲ್ವಾ? ಈ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮಿಬ್ಬರ ಆಫೀಸ್ ರಜೆ ಬರೆಯಿರಿ. 25ಕ್ಕೆ ರಜೆ ಇದ್ದೇ ಇರುತ್ತದೆ, 24 ಮತ್ತು 26ನ್ನು ನೀವೇ ಕೇಳಿ ಪಡೆಯಬೇಕು. ಮದುವೆಗೆ ರಜೆ ಖಾಲಿ ಮಾಡಿಕೊಂಡವರು 24ಕ್ಕೆ ಮೊದಲ ಆದ್ಯತೆ ಕೊಡಿ.

2. ಯಾರ ಮನೆ ಅನ್ನುವುದನ್ನು ಟಿಕೆಟ್‌ಗಿಂತ ಮೊದಲು ತೀರ್ಮಾನಿಸಿ

ಇದೊಂದು ಸರಿಯಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಇದೊಂದು ಕೆಟ್ಟರೆ ಕೇಕ್ ಎಷ್ಟು ಚೆನ್ನಾಗಿ ಬಂದರೂ ಹಬ್ಬ ಹಬ್ಬ ಅನ್ನಿಸುವುದಿಲ್ಲ.

ಮೊದಲು ನೀವಿಬ್ಬರೇ ಕೂತು ಮಾತಾಡಿ. ಯಾವ ಹೊತ್ತು ಯಾರಿಗೆ ಮುಖ್ಯ ಅಂತ ಕೇಳಿಕೊಳ್ಳಿ. ಕೆಲವರಿಗೆ 24ರ ರಾತ್ರಿ ಅಪ್ಪ ಅಮ್ಮನ ಪಕ್ಕ ನಿಂತು ಪೂಜೆ ಕೇಳುವುದೇ ಕ್ರಿಸ್ಮಸ್, ಕೆಲವರಿಗೆ 25ರ ಬೆಳಗಿನ ಸಾನ್ನಾಂ (ಹಬೆಯಲ್ಲಿ ಬೇಯಿಸಿದ ಅಕ್ಕಿ ತಿಂಡಿ) ಮತ್ತು ಹಂದಿಮಾಂಸದ ಮಸಾಲೆ ಅಡುಗೆ ಬಫಾತ್, ಇನ್ನು ಕೆಲವರಿಗೆ ಹಬ್ಬಕ್ಕಿಂತ ಹೆಚ್ಚಾಗಿ ಅದರ ಹಿಂದಿನ ವಾರ ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ತಿಂಡಿ ಮಾಡುವುದು. ಇಬ್ಬರ ಉತ್ತರ ಬೇರೆ ಬೇರೆ ಬಂದರೆ ನಿಮ್ಮ ಕೆಲಸ ಸುಲಭವಾಯಿತು. ಇಬ್ಬರೂ ಒಂದೇ ಹೊತ್ತು ಹೇಳಿದರೆ ಈ ವರ್ಷ ಒಂದು ಮನೆ, ಬರುವ ವರ್ಷ ಇನ್ನೊಂದು ಅಂತ ಈಗಲೇ ಬರೆದಿಡಿ.

ಎರಡೂ ಮನೆ ಒಂದೇ ಜಿಲ್ಲೆಯಲ್ಲಿದ್ದರೆ 24ರ ರಾತ್ರಿ ಒಂದು ಕಡೆ, 25ರ ಮಧ್ಯಾಹ್ನದ ಊಟ ಇನ್ನೊಂದು ಕಡೆ ಅನ್ನುವುದು ಹೆಚ್ಚಿನವರಿಗೆ ಹೊಂದುತ್ತದೆ. ಒಂದು ಮನೆ ಬೆಳ್ತಂಗಡಿಯಲ್ಲಿ, ಇನ್ನೊಂದು ಕುಂದಾಪುರದಲ್ಲಿ ಇದ್ದರೆ ಒಂದೇ ದಿನ ಓಡಾಡಬೇಡಿ. ದಾರಿಯಲ್ಲೇ ಹಬ್ಬ ಕಳೆಯುತ್ತದೆ. ಎರಡನೇ ಮನೆಗೆ 26ಕ್ಕೆ ಹೋಗಿ, ಒಂದು ರಾತ್ರಿ ಉಳಿಯಿರಿ. ಎರಡು ತಾಸಿಗೆ ಬಂದು ಹೋಗುವ ಮಗಳಿಗಿಂತ ಒಂದು ದಿನ ತಡವಾಗಿ ಬಂದು ಉಳಿಯುವ ಮಗಳು ತಾಯಿಗೆ ಇಷ್ಟ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವುದಾದರೂ ಮನೆಯಲ್ಲಿ ಆ ವರ್ಷ ಸಾವಾಗಿದ್ದರೆ, ಅಥವಾ ತಾಯಿಯೋ ತಂದೆಯೋ ಒಬ್ಬರೇ ಇದ್ದರೆ, ಈ ಲೆಕ್ಕಾಚಾರ ಎಲ್ಲ ಬಿಟ್ಟು ಆ ಮನೆಗೆ ಹೋಗಿ.

ತೀರ್ಮಾನವಾದ ಮೇಲೆ ಅವರವರ ತಂದೆ ತಾಯಿಗೆ ಅವರವರೇ ಫೋನ್ ಮಾಡಿ ಹೇಳಬೇಕು. ಗಂಡನ ಮನೆಗೆ ಸೊಸೆ ಹೇಳಿದರೆ "ಅವಳೇ ತಡೆದಳು" ಅಂತ ಆಗುತ್ತದೆ, ಹೆಂಡತಿಯ ಮನೆಗೆ ಅಳಿಯ ಹೇಳಿದರೆ "ಅವನು ಕಳಿಸಲಿಲ್ಲ" ಅಂತ ಆಗುತ್ತದೆ.

ಇಲ್ಲಿ ಎಡವುವ ಜಾಗ ಎರಡು. ಮೊದಲನೆಯದು "ನೋಡೋಣ" ಅನ್ನುವ ಮಾತು. ಮಾಂಯ್ (ಕೊಂಕಣಿಯಲ್ಲಿ ಅತ್ತೆ) "24ಕ್ಕೆ ಬರ್ತೀರಲ್ಲಾ?" ಅಂತ ಕೇಳಿದಾಗ ಸಂಕೋಚಕ್ಕೆ "ನೋಡೋಣ" ಅಂದಿರೋ, ಅವರು ಅದನ್ನು "ಹೂಂ" ಅಂತಲೇ ಕೇಳಿಸಿಕೊಳ್ಳುತ್ತಾರೆ, ಹಾಸಿಗೆ ಒಗೆದು ಬಿಸಿಲಿಗೆ ಹಾಕುತ್ತಾರೆ, ನಾಲ್ಕು ಜನಕ್ಕೆ ಹೇಳುತ್ತಾರೆ. ಆಮೇಲೆ ಬರುವುದಿಲ್ಲ ಅಂದರೆ ಅವರಿಗೆ ಎಷ್ಟು ನೋವಾಗುತ್ತದೆ ಯೋಚಿಸಿ. ಎರಡನೆಯದು ಕುಟುಂಬದ ವಾಟ್ಸಾಪ್ ಗುಂಪು. ಮನೆಯ ಹಿರಿಯರಿಗೆ ಹೇಳುವ ಮೊದಲು ಅಲ್ಲಿ ಹಾಕಬೇಡಿ.

3. ಪ್ರಯಾಣ

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿದಿದೆ. ಡಿಸೆಂಬರ್ 23ರ ಟಿಕೆಟ್ ಅಕ್ಟೋಬರ್ 24ರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಬೆಂಗಳೂರಿನಿಂದ ಕರಾವಳಿಗೆ ಬರುವ ರೈಲುಗಳು ಹಬ್ಬದ ವಾರಕ್ಕೆ ಬೇಗ ತುಂಬುತ್ತವೆ. ಹಾಗಾಗಿ ಮೇಲಿನ ಎರಡನೇ ಹಂತ ಅಕ್ಟೋಬರ್ ಮೂರನೇ ವಾರದೊಳಗೆ ಮುಗಿದಿರಬೇಕು. ಸಿಗಲಿಲ್ಲವಾದರೆ ತತ್ಕಾಲ್ ಇದೆ, ಪ್ರಯಾಣದ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ. ಆದರೆ ಅದನ್ನೇ ನಂಬಿ ಕೂರಬೇಡಿ.

ಮದುವೆಯ ನಂತರ ಹೆಸರು ಬದಲಾಯಿಸಿಕೊಂಡವರು ಗಮನಿಸಿ: ಟಿಕೆಟ್‌ನಲ್ಲಿರುವ ಹೆಸರು ಮತ್ತು ಕೈಯಲ್ಲಿರುವ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಆಧಾರ್ ಇನ್ನೂ ಹಳೆಯ ಹೆಸರಲ್ಲಿದ್ದರೆ ಹಳೆಯ ಹೆಸರಲ್ಲೇ ಬುಕ್ ಮಾಡಿ. ವಿಮಾನಕ್ಕೂ ಇದೇ ಮಾತು, ಅಲ್ಲಿ ಇನ್ನೂ ಕಟ್ಟುನಿಟ್ಟು.

ಕಾರಿನಲ್ಲಿ ಹೋಗುವವರು 23ರ ರಾತ್ರಿ ಹೊರಡುವ ಬದಲು 24ರ ನಸುಕಿಗೆ ಹೊರಡಿ. ಆ ವಾರ ಶಿರಾಡಿ ಘಾಟಿಯಲ್ಲಿ ಲಾರಿಗಳ ನಡುವೆ ಕಾರು, ಬಸ್ಸುಗಳ ಸಾಲೂ ಸೇರಿಕೊಳ್ಳುತ್ತದೆ, ನಿದ್ದೆಗಣ್ಣಲ್ಲಿ ಆ ತಿರುವುಗಳು ಬೇಡ. ವಾಪಸ್ ಬರುವ ಟಿಕೆಟನ್ನೂ ಅದೇ ದಿನ ಮಾಡಿಬಿಡಿ.

4. ದುಡ್ಡು

ಮದುವೆಯ ಸಾಲ ಇನ್ನೂ ತೀರಿರುವುದಿಲ್ಲ ಅನ್ನುವುದು ನನಗೆ ಗೊತ್ತು. ಒಟ್ಟು ಎಷ್ಟು ಖರ್ಚು ಮಾಡಬಹುದು ಅಂತ ಮೊದಲು ಒಂದು ಮೊತ್ತ ಹಾಕಿಕೊಳ್ಳಿ, ಆಮೇಲೆ ಅದರೊಳಗೆ ಹಂಚಿ: ಪ್ರಯಾಣ, ಬಟ್ಟೆ, ತಿಂಡಿ, ಚರ್ಚಿನ ಕಾಣಿಕೆ, ಒಬ್ಬ ಬಡವರ ಮನೆಗೆ ಒಂದು ಪಾಲು. ಈ ಕೊನೆಯದನ್ನು ಉಳಿದರೆ ನೋಡೋಣ ಅಂತ ಬಿಡಬೇಡಿ, ಮೊದಲೇ ಎತ್ತಿಡಿ.

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ. ನಿಮ್ಮ ಅಮ್ಮನಿಗೆ ಸೀರೆ ತೆಗೆದರೆ ಮಾಂಯ್‌ಗೂ ಅದೇ ಬೆಲೆಯ ಸೀರೆ. ಮಾಂವ್‌ಗೆ (ಮಾವ) ಶರ್ಟ್ ತೆಗೆದರೆ ಅಪ್ಪನಿಗೂ ಶರ್ಟ್. ತಾಕತ್ತಿಲ್ಲವಾದರೆ ಇಬ್ಬರಿಗೂ ಬೇಡ, ಎರಡೂ ಮನೆಗೆ ಒಂದೊಂದು ಕೇಕ್ ಸಾಕು. ನಿಮ್ಮಿಬ್ಬರಿಗೆ ಹೊಸ ಬಟ್ಟೆ ಬೇಕೇ ಬೇಕು ಅಂತೇನಿಲ್ಲ, ಮದುವೆಗೆ ತೆಗೆದು ಒಂದೇ ಸಲ ಉಟ್ಟ ಸೀರೆ, ಒಂದೇ ಸಲ ಹಾಕಿದ ಸೂಟು ಇರುತ್ತದಲ್ಲ.

5. ಕುಸ್ವಾರ್

ಕುಸ್ವಾರ್ ಅಂದರೆ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ (ರೋಸ್ ಕುಕ್ಕಿ), ಎಳ್ಳಿನ ಲಾಡು, ಚಕ್ಕುಲಿ, ಪ್ಲಮ್ ಕೇಕ್, ಹೀಗೆ. ಒಂದೊಂದು ಮನೆಯಲ್ಲಿ ಒಂದೊಂದು ಹೆಚ್ಚು. ಈಗ ಮಂಗಳೂರಿನ ಬೇಕರಿಗಳಲ್ಲಿ ಎಲ್ಲವೂ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಕೊಂಡರೆ ತಪ್ಪೇನಿಲ್ಲ. ಆದರೆ ಮೊದಲ ವರ್ಷ ಒಂದೆರಡನ್ನಾದರೂ ಕೈಯಾರೆ ಮಾಡಿ ಅಂತ ನನ್ನ ಬಿನ್ನಹ. ಯಾಕೆಂದರೆ ಅತ್ತೆಯ ಜೊತೆ, ನಾದಿನಿಯ ಜೊತೆ, ಅಳಿಯನಾದರೆ ಅತ್ತೆ ಮಾವನ ಜೊತೆ, ಎದುರುಬದುರು ಕೂತು ಮಾತಾಡಲು ಬಾರದ ಮಾತೆಲ್ಲ ಹಿಟ್ಟು ನಾದುತ್ತಾ ತಾನಾಗಿ ಬರುತ್ತದೆ. ನಾನು ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಯಾವುದನ್ನು ಯಾವಾಗ?

ನವೆಂಬರ್ ಮೊದಲ ವಾರ: ಕೇಕಿನ ಹಣ್ಣು ನೆನೆಹಾಕಿ. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆ, ಎಲ್ಲ ಸಣ್ಣಗೆ ಹೆಚ್ಚಿ ಅರ್ಧ ಕಿಲೋ ಆದರೆ ಸುಮಾರು 200 ಮಿ.ಲೀ. ರಮ್ ಹಾಕಿ ಗಾಜಿನ ಬಾಟಲಿಯಲ್ಲಿ ಇಡಿ. ವಾರಕ್ಕೆರಡು ಸಲ ಬಾಟಲಿ ಅಲುಗಾಡಿಸಿ. ಒದ್ದೆ ಚಮಚ ಹಾಕಬೇಡಿ. ರಮ್ ಬೇಡ ಅನ್ನುವವರು, ತಡ ಮಾಡಿಕೊಂಡವರು ಕಿತ್ತಳೆ ರಸದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ತಣಿಸಿದರೂ ಆಗುತ್ತದೆ, ಆದರೆ ಅದನ್ನು ಬಾಟಲಿಯಲ್ಲಿಟ್ಟು ವಾರಗಟ್ಟಲೆ ಇಡಬಾರದು, ಅದೇ ದಿನ ಕೇಕಿಗೆ ಹಾಕಿ.

ಮನೆಯಲ್ಲಿ ದ್ರಾಕ್ಷಿ ವೈನ್ ಇಡುವವರೂ ಇದೇ ಸಮಯಕ್ಕೆ ಶುರು ಮಾಡಿ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಬಿಗಿಯಬೇಡಿ. ಹುಳಿ ಬರುವಾಗ ಗಾಳಿ ತುಂಬಿ ಬಿಗಿದ ಬಾಟಲಿ ಒಡೆದೇ ಹೋಗುತ್ತದೆ. ಮನೆಯ ವೈನನ್ನು ಲೈಸೆನ್ಸ್ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ, ಅದೂ ನೆನಪಿರಲಿ.

ಡಿಸೆಂಬರ್ 15ರಿಂದ 20: ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ಕೊಕ್ಕಿಸಾಂ. ಇವು ಎರಡು ವಾರ ಕೆಡುವುದಿಲ್ಲ. ಕೇಕ್ ಕೂಡ ಈ ವಾರವೇ ಬೇಯಿಸಿ.

ಡಿಸೆಂಬರ್ 21, 22: ನೆವ್ರಿ. ಇದರೊಳಗೆ ತೆಂಗಿನಕಾಯಿ ಇರುವುದರಿಂದ ಬೇಗ ಮಾಡಿಟ್ಟರೆ ಕರಾವಳಿಯ ಸೆಕೆಗೆ ಮುಗ್ಗು ವಾಸನೆ ಬರುತ್ತದೆ. ತುರಿಯನ್ನು ನೀರಂಶ ಪೂರಾ ಹೋಗುವಷ್ಟು ಹುರಿಯಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರುದುರಾಗಿ ಬೀಳಬೇಕು.

ಒಂದೇ ಒಂದು ಮಾಡುತ್ತೇವೆ, ಯಾವುದು ಮಾಡಲಿ ಅಂತ ಕೇಳಿದರೆ ಕಿಡಿಯೊ ಅನ್ನುತ್ತೇನೆ. ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳಗಳು. ಸುರುಳಿ ಸುತ್ತಿದ ಪುಟ್ಟ ಹುಳದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಅರ್ಧ ಕಿಲೋ ಮೈದಾಕ್ಕೆ ಎರಡು ಮೊಟ್ಟೆ, ಒಂದು ದೊಡ್ಡ ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು ಹಾಕಿ, ದಪ್ಪ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಅಡುಗೆಗೆಂದೇ ತಂದ ಹೊಸ ಬಾಚಣಿಗೆ ಬೇಕು, ಇಲ್ಲವಾದರೆ ಫೋರ್ಕ್. ಗೋಲಿಗಿಂತ ಸಣ್ಣ ಉಂಡೆ ಚಿವುಟಿ, ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಹಾಗೇ ನಿಮ್ಮ ಕಡೆಗೆ ಸುರುಳಿ ಎಳೆಯಿರಿ. ಹೊರಮೈಯಲ್ಲಿ ಗೆರೆ ಮೂಡಬೇಕು, ಒಳಗೆ ಟೊಳ್ಳು ಇರಬೇಕು. ಜಾಸ್ತಿ ಒತ್ತಿದರೆ ಗಟ್ಟಿ ಗಂಟಾಗಿ ಒಳಗೆ ಬೇಯುವುದಿಲ್ಲ. ಮಧ್ಯಮ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಪೂರ್ತಿ ತಣಿದ ಮೇಲೆ ಸಕ್ಕರೆ ಪಾಕಕ್ಕೆ ಹಾಕಿ, ಪಾಕ ಒಣಗಿ ಬೆಳ್ಳಗೆ ಪುಡಿ ಪುಡಿಯಾಗಿ ಅಂಟುವವರೆಗೂ ಕೈಯಾಡಿಸುತ್ತಲೇ ಇರಬೇಕು. ನಡುವೆ ಕೈಬಿಟ್ಟರೆ ಎಲ್ಲ ಒಂದೇ ಮುದ್ದೆ. ಅರ್ಧ ಕಿಲೋ ಹಿಟ್ಟಿಗೆ ನಾಲ್ಕು ಜನ ಕೂತರೆ ಒಂದು ಸಂಜೆ ಸರಿಯಾಗುತ್ತದೆ. ಗಂಡಸರೂ ಕೂರಬೇಕು.

ಕೊಕ್ಕಿಸಾಂ ಮಾಡುವವರಿಗೆ ಒಂದು ಎಚ್ಚರಿಕೆ. ಹೊಸ ಅಚ್ಚನ್ನು ಅಂಗಡಿಯಿಂದ ತಂದ ದಿನವೇ ಬಳಸಬೇಡಿ, ಹಿಟ್ಟು ಅಂಟಿಕೊಂಡು ಬಿಡುವುದಿಲ್ಲ. ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಟ್ಟು, ಮಾರನೇ ದಿನ ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿ. ಹಿಟ್ಟಿನಲ್ಲಿ ಅದ್ದುವಾಗ ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಮೇಲಿನ ಅಂಚು ಮುಚ್ಚಿತೋ, ಹೂವು ಅಚ್ಚಿನಿಂದ ಕಳಚುವುದೇ ಇಲ್ಲ. ನಾನು ಮೊದಲ ಸಲ ಮಾಡಿದಾಗ ಏಳೆಂಟು ಹೂವು ಹೀಗೇ ಹಾಳಾದವು, ಒಂಬತ್ತನೆಯದಕ್ಕೆ ಅತ್ತೆ ಬಂದು ನನ್ನ ಮಣಿಕಟ್ಟು ಹಿಡಿದು ಎಷ್ಟು ಅದ್ದಬೇಕೆಂದು ತೋರಿಸಿದರು.

6. ನಿಮ್ಮ ಸ್ವಂತ ಮನೆಯಲ್ಲಿ ನಕ್ಷತ್ರ ಮತ್ತು ಗೋದಲಿ

ಹಬ್ಬಕ್ಕೆ ಊರಿಗೇ ಹೋಗುವುದಾದರೂ ನೀವಿರುವ ಬಾಡಿಗೆ ಮನೆಯಲ್ಲಿ ಒಂದು ನಕ್ಷತ್ರ, ಒಂದು ಪುಟ್ಟ ಗೋದಲಿ ಇರಲಿ. ಗೋದಲಿ ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು, ದನ, ಕತ್ತೆ ಇಟ್ಟು ಮಾಡಿದ್ದು ಇದರ ಮೂಲ. ಅವರು ಮಾಡಿದ್ದು ಬಡವರಿಗೂ ಕಣ್ಣಾರೆ ಕಾಣಲಿ ಅಂತ. ಹಾಗಾಗಿ ದುಬಾರಿ ಗೊಂಬೆ ಸೆಟ್ ಬೇಕಾಗಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಡಿಸೆಂಬರ್ ಶುರುವಿಗೇ ಗೊಂಬೆಗಳು, ನಕ್ಷತ್ರಗಳು ಬಂದಿರುತ್ತವೆ. ಮರಿಯಾ, ಜೋಸೆಫ್, ಬಾಲಯೇಸು, ಈ ಮೂರು ಇದ್ದರೆ ಈ ವರ್ಷಕ್ಕೆ ಸಾಕು. ಕುರಿ, ಕುರುಬ, ಮೂರು ರಾಯರನ್ನು ವರ್ಷಕ್ಕೊಂದರಂತೆ ಸೇರಿಸುತ್ತಾ ಹೋಗಿ.

ಹಸಿರಿಗೆ ಘಾಟಿಯ ಮರಗಳಿಂದ ಪಾಚಿ ಕಿತ್ತು ತರಬೇಡಿ, ಅದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ಡಿಸೆಂಬರ್ 12ರ ಹೊತ್ತಿಗೆ ಒಂದು ಹಿಡಿ ರಾಗಿ ಅಥವಾ ಭತ್ತ ರಾತ್ರಿ ನೆನೆಸಿ, ಹಳೆಯ ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಬಿತ್ತಿ, ದಿನಾ ನೀರು ಚಿಮುಕಿಸಿ. 24ಕ್ಕೆ ಎಳೆ ಹಸಿರು ಪೈರು ನಿಂತಿರುತ್ತದೆ. ನೀವು 23ಕ್ಕೇ ಊರಿಗೆ ಹೊರಡುವವರಾದರೆ ತಟ್ಟೆಯನ್ನೂ ಪಕ್ಕದ ಮನೆಯವರಿಗೆ ಕೊಟ್ಟು ಹೋಗಿ, ಅವರ ಮಕ್ಕಳು ಖುಷಿಯಿಂದ ನೀರು ಹಾಕುತ್ತಾರೆ.

ಬಾಲಯೇಸುವನ್ನು 24ರ ರಾತ್ರಿಯವರೆಗೂ ಗೋದಲಿಯಲ್ಲಿ ಇಡುವುದಿಲ್ಲ. ಅಲ್ಲಿಯವರೆಗೆ ಹುಲ್ಲು ಖಾಲಿಯೇ ಇರಬೇಕು.

ಕಾಗದದ ನಕ್ಷತ್ರದೊಳಗೆ ಹಳೆಯ ಬಿಸಿಯಾಗುವ ಬಲ್ಬ್ ಹಾಕಬೇಡಿ. 5 ವ್ಯಾಟ್‌ನ ಎಲ್‌ಇಡಿ ಸಾಕು. ಊರಿಗೆ ಹೊರಡುವಾಗ ಸ್ವಿಚ್ ಅಷ್ಟೇ ಸಾಲದು, ಪ್ಲಗ್ ಕಿತ್ತಿಡಿ.

7. 24ರ ಸಂಜೆ ಮತ್ತು 25

ನಡುರಾತ್ರಿಯ ಪೂಜೆ ಅಂತ ಹೆಸರಿದ್ದರೂ ಈಗ ನಮ್ಮ ಕಡೆ ಹೆಚ್ಚಿನ ಚರ್ಚುಗಳಲ್ಲಿ ಸಂಜೆ ಏಳು, ಏಳೂವರೆಗೇ ಶುರುವಾಗುತ್ತದೆ. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಇರುವ ನಿರ್ಬಂಧವೂ ಇದಕ್ಕೆ ಒಂದು ಕಾರಣ. ಹೊಸ ಊರಿನ ಚರ್ಚ್ ಆದರೆ ಹಿಂದಿನ ಭಾನುವಾರವೇ ಸಮಯ ಕೇಳಿಟ್ಟುಕೊಳ್ಳಿ. ಕ್ಯಾರಲ್ ಹಾಡು ಅರ್ಧ ಗಂಟೆ ಮೊದಲೇ ಇರುತ್ತದೆ, ಆಗಲೇ ಹೋದರೆ ಇಬ್ಬರಿಗೂ ಒಟ್ಟಿಗೆ ಜಾಗ ಸಿಗುತ್ತದೆ. ಪಾಪನಿವೇದನೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, 24ರಂದು ಉದ್ದ ಸಾಲು.

ಜೋಡಿಯಲ್ಲಿ ಒಬ್ಬರು ಬೇರೆ ಧರ್ಮದವರಾಗಿದ್ದರೆ: ಪೂಜೆಗೆ ಖಂಡಿತ ಬರಬಹುದು. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಪರಮಪ್ರಸಾದ, ಅಂದರೆ ಪೂಜೆಯ ಕೊನೆಗೆ ಕೊಡುವ ರೊಟ್ಟಿ, ಕಥೋಲಿಕರಿಗೆ ಮಾತ್ರ. ಇದನ್ನು ಮನೆಯಲ್ಲೇ ಹೇಳಿಟ್ಟಿರಿ. ಸಾಲಿನಲ್ಲಿ ಹೋಗಿ ನಿಂತ ಮೇಲೆ ತಿಳಿದರೆ ಅವರಿಗೆ ಮುಜುಗರ.

ಗಂಡನ ಮನೆಯಲ್ಲಿ ಹಬ್ಬ ಮಾಡುವ ಹೆಂಡತಿಗೆ ಆ ಸಂಜೆ ಒಂದು ಹೊತ್ತು ಗಂಟಲು ಕಟ್ಟುತ್ತದೆ. ತನ್ನ ಮನೆಯಲ್ಲಿ ಈಗ ಯಾರು ನಕ್ಷತ್ರ ಹಚ್ಚುತ್ತಿದ್ದಾರೋ, ಅಮ್ಮ ಒಬ್ಬಳೇ ಸಾನ್ನಾಂ ಹಿಟ್ಟು ರುಬ್ಬುತ್ತಿದ್ದಾಳೋ ಅಂತ ಅನ್ನಿಸುತ್ತದೆ. ಇದು ಸಹಜ. ಪೂಜೆಗೆ ಹೊರಡುವ ಮೊದಲು, ಸೀರೆ ಉಟ್ಟು ತಯಾರಾದ ಮೇಲೆ, ಹತ್ತು ನಿಮಿಷ ತವರಿಗೆ ವಿಡಿಯೋ ಕಾಲ್ ಮಾಡಿ. ಪೂಜೆಯ ನಂತರ ಅಂತ ಇಟ್ಟುಕೊಂಡರೆ ಆಗ ನಂಟರ ಗದ್ದಲ, ನೆಟ್‌ವರ್ಕೂ ಸಿಗುವುದಿಲ್ಲ. ಗಂಡಂದಿರೇ, ಆ ಹತ್ತು ನಿಮಿಷ ಬೇರೆಯವರು ಕೋಣೆಗೆ ಬರದ ಹಾಗೆ ನೋಡಿಕೊಳ್ಳಿ.

ಇನ್ನು "ವಿಶೇಷ ಏನಾದ್ರೂ ಉಂಟಾ?" ಅಂತ ಕೇಳುವ ಹಿರಿಯರು ಇದ್ದೇ ಇರುತ್ತಾರೆ. ಮದುವೆಯಾಗಿ ಐದು ವಾರವಾಗಿದ್ದರೂ ಕೇಳುತ್ತಾರೆ. ಯಾರ ಕಡೆಯ ನಂಟರೋ ಅವರೇ ಉತ್ತರ ಕೊಡಬೇಕು, "ಇದ್ದಾಗ ನಿಮಗೇ ಮೊದಲು ಹೇಳ್ತೇವೆ" ಅಂದು ಮಾತು ಬದಲಿಸಿ. ಹೊಸ ಸೊಸೆಯನ್ನು ಆ ಪ್ರಶ್ನೆಯ ಎದುರು ಒಬ್ಬಳೇ ಬಿಡಬೇಡಿ.

ಅಡುಗೆಗೆ ಎರಡು ಸಲಹೆ. ಬಫಾತನ್ನು 24ರ ಬೆಳಿಗ್ಗೆಯೇ ಮಾಡಿಡಿ, ಮಸಾಲೆ ಮಾಂಸಕ್ಕೆ ಹಿಡಿದು 25ಕ್ಕೆ ರುಚಿ ದುಪ್ಪಟ್ಟಾಗುತ್ತದೆ. ಮಾಂಸವನ್ನು ಎರಡು ದಿನ ಮೊದಲೇ ಹೇಳಿಟ್ಟಿರಿ. ಸಾನ್ನಾಂ (ಹುಳಿ ಬರಿಸಿದ ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸುವುದು, ಹಿಂದೆ ಕಳ್ಳು ಹಾಕುತ್ತಿದ್ದರು, ಈಗ ಯೀಸ್ಟ್) ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೇಗ ಉಬ್ಬುವುದಿಲ್ಲ. ಹಿಟ್ಟಿನ ಪಾತ್ರೆಯನ್ನು ದಪ್ಪ ಬಟ್ಟೆ ಸುತ್ತಿ ಬೆಚ್ಚಗಿರುವ ಮೂಲೆಯಲ್ಲಿಡಿ, ಊರಿಗಿಂತ ಮೂರ್ನಾಲ್ಕು ತಾಸು ಜಾಸ್ತಿ ಹಿಡಿಯಿರಿ.

8. ತಟ್ಟೆ ಹಂಚುವುದು

25ರಂದು ಕುಸ್ವಾರ್ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕೊಂಡೊಯ್ಯುವುದು ನಮ್ಮ ಹಬ್ಬದ ಜೀವಾಳ. ಹೊಸ ಜೋಡಿಯೇ ಹೋದರೆ ಚೆಂದ, ಊರವರಿಗೆ ಪರಿಚಯವೂ ಆಗುತ್ತದೆ. ಆದರೆ ತಟ್ಟೆ ತುಂಬುವ ಮೊದಲು ಯಾರ ಮನೆ ಅಂತ ಯೋಚಿಸಿ. ಮೊಟ್ಟೆ ತಿನ್ನದ ಮನೆಗೆ ಕೇಕ್, ಕಿಡಿಯೊ, ಕೊಕ್ಕಿಸಾಂ ಬೇಡ. ಚಕ್ಕುಲಿ, ಎಳ್ಳಿನ ಲಾಡು, ಮೊಟ್ಟೆ ಹಾಕದೆ ಮಾಡಿದ ನೆವ್ರಿ, ಜೊತೆಗೆ ಒಂದೆರಡು ಬಾಳೆಹಣ್ಣು ಕೊಡಿ. ಮುಸ್ಲಿಂ ನೆರೆಯವರಿಗೆ ರಮ್ ಹಾಕಿದ ಕೇಕ್ ಕೊಡಬೇಡಿ, ಅವರಿಗೆಂದೇ ಕಿತ್ತಳೆ ರಸದ ಕೇಕ್ ಒಂದು ಬೇರೆ ಮಾಡಿಡಿ. ಅವರು ಕೇಳುವುದಕ್ಕೆ ಮುಂಚೆ ನೀವೇ "ಇದರಲ್ಲಿ ಮೊಟ್ಟೆ ಇಲ್ಲ", "ಇದಕ್ಕೆ ರಮ್ ಹಾಕಿಲ್ಲ" ಅಂತ ಹೇಳಿ ಕೊಟ್ಟರೆ ಅವರು ನಿಶ್ಚಿಂತೆಯಿಂದ ತಿನ್ನುತ್ತಾರೆ. ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ, ಅಂಥ ಮನೆಗೆ ಮೊದಲ ತಟ್ಟೆ ಹೋಗಲಿ. ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

9. ಗೆಳೆಯರಿಗೆ ಊಟ

ಇದನ್ನು 25ಕ್ಕೆ ತುರುಕಬೇಡಿ. ಬೆಂಗಳೂರಿಗೆ ವಾಪಸಾದ ಮೇಲೆ ಜನವರಿಯ ಮೊದಲ ಶನಿವಾರ ಇಟ್ಟುಕೊಳ್ಳಿ, ಹಬ್ಬದ ಕಾಲ ಇನ್ನೂ ಮುಗಿದಿರುವುದಿಲ್ಲ. ಊರಿಂದ ತಂದ ಕುಸ್ವಾರ್ ಇರುತ್ತದೆ, ಒಂದು ಕೋಳಿ ಸಾರು, ನೀರು ದೋಸೆ, ಸಸ್ಯಾಹಾರಿಗಳಿಗೆ ಕಡಲೆಬೇಳೆಯ ವೋರ್ನ್ (ಬೆಲ್ಲ, ತೆಂಗಿನ ಹಾಲಿನ ಪಾಯಸ) ಮತ್ತು ಒಂದು ಪಲ್ಯ. ಎಂಟು ಜನಕ್ಕಿಂತ ಹೆಚ್ಚು ಕರೆಯಬೇಡಿ, ಹೊಸ ಸಂಸಾರದಲ್ಲಿ ಪಾತ್ರೆ, ಕುರ್ಚಿ ಅಷ್ಟಿರುವುದಿಲ್ಲ. ವೈನ್ ಕುಡಿದವರು ಬೈಕ್ ಹತ್ತದ ಹಾಗೆ ನೋಡಿಕೊಳ್ಳುವುದು ಮನೆಯವರ ಜವಾಬ್ದಾರಿ.

ಗಲ್ಫ್‌ನಲ್ಲಿರುವ ಜೋಡಿಗಳು ಕೇಳುವುದರಿಂದ ಎರಡು ಮಾತು. ಅಲ್ಲಿ 25ಕ್ಕೆ ಸರ್ಕಾರಿ ರಜೆ ಇಲ್ಲ, ಹಾಗಾಗಿ ಅರ್ಧ ದಿನದ ರಜೆಗಾದರೂ ಡಿಸೆಂಬರ್ ಮೊದಲ ವಾರವೇ ಅರ್ಜಿ ಹಾಕಿ. ಊರಿನಿಂದ ಅಮ್ಮ ಕೇಕ್ ಕಳಿಸುವುದಾದರೆ, ಅದರಲ್ಲೂ ಸೌದಿ, ಕುವೈತ್‌ಗೆ, ರಮ್ ಹಾಕದ್ದೇ ಕಳಿಸಲು ಹೇಳಿ. ಅಲ್ಲಿ ಮದ್ಯ ನಿಷೇಧ, ಸುಮ್ನೆ ಯಾಕೆ ತೊಂದರೆ.

10. ಎತ್ತಿಡುವುದು

ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚಿ. ಗೊಂಬೆಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಾಲಯೇಸುವನ್ನು ಬೇರೆ ಪುಟ್ಟ ಡಬ್ಬಿಯಲ್ಲಿಡಿ, ಬೆರಳು ಮೊದಲು ಮುರಿಯುವುದು ಅದರದ್ದೇ. ಪೈರಿನ ತಟ್ಟೆಯ ಮಣ್ಣನ್ನು ತುಳಸಿ ಕುಂಡಕ್ಕೋ ಗುಲಾಬಿ ಕುಂಡಕ್ಕೋ ಹಾಕಿ. ಕೊಕ್ಕಿಸಾಂ ಅಚ್ಚನ್ನು ಸೋಪು ಹಾಕಿ ತೊಳೆಯಬೇಡಿ. ಬಿಸಿ ಇರುವಾಗಲೇ ದಪ್ಪ ಬಟ್ಟೆ ಹಿಡಿದು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಬಾಚಣಿಗೆಯ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟು, ಮುಚ್ಚಳದ ಮೇಲೆ ವರ್ಷ ಬರೆದಿಡಿ.